ಓದಿದರೆ 20 ರೂಪಾಯಿ ಅಂದಮೇಲೆ ಮಗಳು ಓದುವುದನ್ನೇ ಬಿಟ್ಟಳು, ಯಾಕೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 11 ವರ್ಷದ ಮಗಳು. ಕಥೆ ಪುಸ್ತಕ ಸಿಕ್ಕಿದರೆ ಊಟ ಮರೆಯುತ್ತಿದ್ದವಳು. ಇನ್ನೂ ಜಾಸ್ತಿ ಓದಲಿ ಅಂತ ಪುಸ್ತಕಕ್ಕೆ 20 ರೂಪಾಯಿ ಕೊಡಲು ಶುರು ಮಾಡಿದಿರಿ. ಮೊದಲು ರಾಶಿ ಓದಿದಳು. ಆಮೇಲೆ ತೆಳ್ಳಗಿನ ಪುಸ್ತಕಗಳನ್ನೇ ಹುಡುಕತೊಡಗಿದಳು. ಈಗ ದುಡ್ಡಿಲ್ಲ ಅಂದರೆ ಪುಸ್ತಕ ಮುಟ್ಟುವುದಿಲ್ಲ. ಮನುಷ್ಯರನ್ನು ಒಂದು ಕೆಲಸಕ್ಕೆ ಹಚ್ಚುವುದು ಯಾವುದು, ಇದರ ಬಗ್ಗೆ ಮನಶ್ಶಾಸ್ತ್ರ ಏನು ಹೇಳುತ್ತದೆ ಅಂತ ಕೇಳಿದ್ದೀರಿ.

ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಹೋಲುವ ಒಂದು ಪ್ರಯೋಗ ಇದೆ. ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವವರು 1973ರಲ್ಲಿ ಅದನ್ನು ಪ್ರಕಟಿಸಿದರು. ಶಿಶುವಿಹಾರದಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟ ಇದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬರೆದರೆ ಬಹುಮಾನದ ಪತ್ರ ಕೊಡುತ್ತೇವೆ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಬರೆದು ಮುಗಿಸಿದ ಮೇಲೆ ಅದೇ ಪತ್ರ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಆಟದ ಹೊತ್ತಿನಲ್ಲಿ ಪೆನ್ನು ಕಾಗದ ಇಟ್ಟು ಸುಮ್ನೆ ನೋಡಿದರು. ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಅಚಾನಕ್ಕಾಗಿ ಬಹುಮಾನ ಸಿಕ್ಕಿದವರಿಗೆ ಏನೂ ಆಗಿರಲಿಲ್ಲ. ಅಂದರೆ ತಪ್ಪು ಬಹುಮಾನದ್ದಲ್ಲ. ‘ಇದು ಮಾಡಿದರೆ ಅದು’ ಅನ್ನುವ ಒಪ್ಪಂದದ್ದು.

ಇದಕ್ಕೂ ಎರಡು ವರ್ಷ ಮುಂಚೆ, 1971ರಲ್ಲಿ, ಎಡ್ವರ್ಡ್ ಡೆಸಿ ಕಾಲೇಜು ಹುಡುಗರಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟು ನೋಡಿದ್ದರು. ಬಿಡಿಸಿದ ಒಂದೊಂದಕ್ಕೂ ಒಂದು ಡಾಲರ್ ಪಡೆದವರು, ದುಡ್ಡು ನಿಂತ ಮೇಲೆ ಬಿಡುವಿನ ಹೊತ್ತಿನಲ್ಲಿ ಒಗಟಿನ ಕಡೆ ಮೊದಲಿಗಿಂತ ಕಮ್ಮಿ ಹೊರಳಿದರು.

ನನಗೆ ಇದು ಪುಸ್ತಕ ಓದುವ ಮುಂಚೆಯೇ ಅರ್ಥವಾಗಿತ್ತು, ನಮ್ಮ ಚಿಕ್ಕಪ್ಪನ ಆಲೆಮನೆಯಲ್ಲಿ. ಮಂಡ್ಯದ ಪಕ್ಕದ ಹಳ್ಳಿ ನಮ್ಮದು. ಗದ್ದೆಯಲ್ಲಿ ಕಬ್ಬು ಕಡಿಯುವವರಿಗೆ ಟನ್ ಲೆಕ್ಕದಲ್ಲಿ ಕೂಲಿ. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಆ ಬಿಸಿಲಲ್ಲಿ, ಆ ಸೋಗೆಯ ನಡುವೆ ಖುಷಿಗೆ ಯಾರು ಕಡಿಯುತ್ತಾರೆ? ಕಡಿದದ್ದನ್ನು ತೂಕ ಹಾಕಿದರೆ ಮುಗಿಯಿತು. ಆದರೆ ಕೊಪ್ಪರಿಗೆ ಹತ್ತಿರ ಪಾಕ ನೋಡುತ್ತಿದ್ದ ತಾತನ ಕೆಲಸವೇ ಬೇರೆ. ನೊರೆ, ಕೊಳೆ ತೆಗೆದು, ಕುದಿಯುವ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, ‘ಇನ್ನೂ ಹದ ಬಂದಿಲ್ಲ ಕಣ್ಲಾ, ತಡಿ’ ಅನ್ನುತ್ತಿದ್ದರು. ಒಂದು ವರ್ಷ ಚಿಕ್ಕಪ್ಪ ಅವರಿಗೂ ದಿನಗೂಲಿ ಬಿಡಿಸಿ, ಇಳಿಸಿದ ಕೊಪ್ಪರಿಗೆ ಲೆಕ್ಕದಲ್ಲಿ ದುಡ್ಡು ಅಂದರು. ಕೊಪ್ಪರಿಗೆ ಜಾಸ್ತಿ ಇಳಿದವು. ತಣ್ಣೀರಿನ ಚೊಂಬು ಮೂಲೆ ಸೇರಿತು. ಬೆಲ್ಲ ಮೆತ್ತಗಾಗಿ, ಮಳೆಗಾಲಕ್ಕೆ ಮುಂಚೆಯೇ ನೀರು ಬಿಟ್ಟಿತು. ಮಾರನೇ ವರ್ಷ ಮತ್ತೆ ದಿನಗೂಲಿ. ಚೊಂಬೂ ವಾಪಸ್ ಬಂತು.

ನಿಮ್ಮ ಮಗಳ ತೆಳ್ಳಗಿನ ಪುಸ್ತಕದ ಬಗ್ಗೆ ಓದಿದಾಗ ನೆನಪಾಗಿದ್ದು ಆ ಚೊಂಬು. ಈಗ ಮಂಡ್ಯದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ನಾನೂ ಒಮ್ಮೆ ಮೊದಲು ಹತ್ತು ಲೆಕ್ಕ ಮುಗಿಸಿದವರಿಗೆ ಪೆನ್ನು ಅಂದಿದ್ದೆ. ಎಲ್ಲರೂ ಸುಲಭದ ಹತ್ತನ್ನೇ ಹುಡುಕಿದರು. ಮಕ್ಕಳ ಮೇಲೆ ನನಗೆ ಕೋಪ ಬರಲಿಲ್ಲ. ನಾನು ಕೇಳಿದ್ದೇ ಅದನ್ನಲ್ವಾ?

ಇನ್ನು ಸಿದ್ಧಾಂತಗಳು. ಕ್ಲಾರ್ಕ್ ಹಲ್ ಎಂಬುವರು 1943ರಲ್ಲಿ ಹೇಳಿದ್ದು ಹೀಗೆ: ಹಸಿವು, ಬಾಯಾರಿಕೆಯಂಥ ಕೊರತೆ ನಮ್ಮನ್ನು ನೂಕುತ್ತದೆ, ಅದು ತೀರಿದರೆ ಸುಮ್ಮನಾಗುತ್ತೇವೆ. ಬಿ.ಎಫ್. ಸ್ಕಿನ್ನರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರ ಪ್ರಕಾರ, ಏನು ಮಾಡಿದರೆ ಫಲ ಸಿಗುತ್ತದೋ ಅದನ್ನೇ ಮತ್ತೆ ಮಾಡುತ್ತೇವೆ. ಇಬ್ಬರದೂ ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಹ್ಯಾರಿ ಹಾರ್ಲೋ ಎಂಬ ಮನಶ್ಶಾಸ್ತ್ರಜ್ಞರು ಪ್ರಯೋಗಕ್ಕೆ ಸಾಕಿದ್ದ ಕೋತಿಗಳು ತಿನ್ನಲು ಏನೂ ಕೊಡದಿದ್ದರೂ ಚಿಲಕ, ಕೊಂಡಿಗಳನ್ನು ಬಿಚ್ಚುತ್ತಾ ಕೂತಿರುತ್ತಿದ್ದವು. ಬಿಚ್ಚುವುದೇ ಅವಕ್ಕೆ ಖುಷಿ.

ಮಾಸ್ಲೋ ಹೆಸರು ನೀವು ಕೇಳಿರುತ್ತೀರಿ. ಊಟ, ಭದ್ರತೆ, ಪ್ರೀತಿ, ಗೌರವ, ಆಮೇಲೆ ತನ್ನ ಶಕ್ತಿ ಪೂರ್ತಿ ಅರಳುವುದು, ಹೀಗೆ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿದರು, ಅದೂ 1943ರಲ್ಲೇ. ಈ ಮೆಟ್ಟಿಲುಗಳನ್ನು ತೋರಿಸುವ ಆ ಪ್ರಸಿದ್ಧ ಪಿರಮಿಡ್ ಚಿತ್ರ ಅವರು ಬರೆದದ್ದಲ್ಲ. ಕೆಳಗಿನದು ಪೂರ್ತಿ ತುಂಬಿದ ಮೇಲೇ ಮೇಲಿನದು ಅಂತಲೂ ಅವರು ಕಟ್ಟುನಿಟ್ಟಾಗಿ ಹೇಳಲಿಲ್ಲ. ನಮ್ಮ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರನ್ನೇ ನೋಡಿ. ಕಾಲಲ್ಲಿ ಬೊಬ್ಬೆ, ನಿದ್ದೆ ಇಲ್ಲ, ಆದರೂ ಜೊತೆಯವರ ‘ಉಘೇ ಉಘೇ’ಗೆ ದನಿಗೂಡಿಸುತ್ತಾ ನಡೆಯುತ್ತಾರೆ.

ನಿಮಗೆ ಕೆಲಸಕ್ಕೆ ಬರುವುದು ಡೆಸಿ ಮತ್ತು ರಿಚರ್ಡ್ ರಯಾನ್ ಸೇರಿ ಕಟ್ಟಿದ ಸಿದ್ಧಾಂತ. ಇವರು ಮೂರು ಹಸಿವುಗಳ ಬಗ್ಗೆ ಹೇಳುತ್ತಾರೆ. ನಾನೇ ಆರಿಸಿಕೊಂಡೆ ಅನ್ನಿಸಬೇಕು. ನನಗೆ ಬರುತ್ತದೆ ಅನ್ನಿಸಬೇಕು. ನನ್ನವರು ಜೊತೆಗಿದ್ದಾರೆ ಅನ್ನಿಸಬೇಕು. 20 ರೂಪಾಯಿ ಮುಟ್ಟಿದ್ದು ಮೊದಲನೆಯದನ್ನು. ಅವಳ ಓದು ನಿಮ್ಮ ಕೆಲಸವಾಗಿಬಿಟ್ಟಿತು. ಈ ಬಗ್ಗೆ ವಾದವೂ ನಡೆದಿದೆ, ಬಹುಮಾನದಿಂದ ಅಷ್ಟೇನೂ ನಷ್ಟವಿಲ್ಲ ಅಂದವರೂ ಇದ್ದಾರೆ. 1999ರಲ್ಲಿ ಡೆಸಿ ತಂಡ 128 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಇಷ್ಟದ ಕೆಲಸಕ್ಕೆ ಮೊದಲೇ ಹೇಳಿ ವಸ್ತು, ದುಡ್ಡು ಕೊಟ್ಟರೆ ಆಸಕ್ತಿ ಕುಗ್ಗುತ್ತದೆ ಅಂತ ಕಂಡುಬಂತು. ಬೇಜಾರಿನ ಕೆಲಸಕ್ಕೆ ಕೊಟ್ಟರೆ ಈ ತೊಂದರೆ ಇಲ್ಲ. ಹಾಗಾಗಿ ಗಾಡಿ ತೊಳೆದದ್ದಕ್ಕೆ 20 ರೂಪಾಯಿ ಕೊಟ್ಟರೆ ನಾನಂತೂ ಬೇಡ ಅನ್ನುವುದಿಲ್ಲ.

ಈಗ ನೀವು ಮಾಡಬಹುದಾದ್ದು. ‘ದುಡ್ಡಿನ ಲೆಕ್ಕ ನಾವು ತಂದಿದ್ದು, ಅದು ಸರಿಯಾಗಲಿಲ್ಲ, ನಿಲ್ಲಿಸುತ್ತಿದ್ದೇವೆ’ ಅಂತ ನೇರ ಹೇಳಿ. ಅವಳ ತಪ್ಪು ಅನ್ನುವ ಹಾಗೆ ಕೇಳಿಸಬಾರದು. ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಅವಳು ಏನು ತೆಗೆದರೂ ಮೂಗು ಮುರಿಯಬೇಡಿ. ಕಾಮಿಕ್ಸ್ ತೆಗೆದರೂ ಸರಿ. ಅರ್ಧಕ್ಕೆ ಬಿಟ್ಟರೂ ಬಿಡಲಿ. ರಾತ್ರಿ ನೀವೂ ಪಕ್ಕದಲ್ಲಿ ಏನಾದರೂ ಓದುತ್ತಾ ಕೂರಿ. ಎಷ್ಟು ಪುಟ ಆಯ್ತು ಅಂತ ಕೇಳಬೇಡಿ, ಕಥೆಯಲ್ಲಿ ಏನಾಯ್ತು ಅಂತ ಕೇಳಿ. ಮೊದಲ ಕೆಲವು ವಾರ ಅವಳು ಪುಸ್ತಕ ತೆರೆಯದೇ ಇರಬಹುದು. ಆಗ ಗಾಬರಿಯಾಗಿ ಹೊಸ ಆಸೆ ತೋರಿಸಬೇಡಿ.

ಮತ್ತೆ, ಅವಳು ಓದಿ ಮುಗಿಸಿದ ಪುಸ್ತಕಗಳ ದುಡ್ಡು ಬಾಕಿ ಇದ್ದರೆ, ಈ ಮಾತು ಆಡುವ ಮುಂಚೆ ಅದನ್ನು ಪೂರ್ತಿ ಕೊಟ್ಟುಬಿಡಿ.