ಓದುಗರ ಪ್ರಶ್ನೆ: ಒಂದೇ ಚಿಪ್, ಹಲವು ಪ್ರಸಾರ ಪದ್ಧತಿ

ಪ್ರಶ್ನೆ: ನಾನು ಕೊಂಡ ‘ಡಿಎಸ್‌ಪಿ ರೇಡಿಯೊ’ ಮೀಡಿಯಂ ವೇವ್, ಶಾರ್ಟ್ ವೇವ್, ಎಫ್‌ಎಂ ಮೂರನ್ನೂ ಒಂದೇ ಚಿಪ್‌ನಿಂದ ಹಿಡಿಯುತ್ತದೆ. ಇದು ಹೇಗೆ ಸಾಧ್ಯ? ತಂತ್ರಾಂಶ ಬದಲಿಸಿದರೆ ಡಿಆರ್‌ಎಂ ಡಿಜಿಟಲ್ ಪ್ರಸಾರವೂ ಸಿಗುವುದೇ? ಭದ್ರಾವತಿ ಆಕಾಶವಾಣಿ ಪ್ರಸಾರದಲ್ಲಿರುವಾಗ ದೂರದ ಕೇಂದ್ರಗಳು ಮಸುಕಾಗುವುದೇಕೆ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಹಳೆಯ ರೇಡಿಯೊಗಳಲ್ಲಿ ಮೀಡಿಯಂ ವೇವ್‌ಗೆ 455 ಕಿಲೊಹರ್ಟ್ಸ್‌ನ, ಎಫ್‌ಎಂಗೆ 10.7 ಮೆಗಾಹರ್ಟ್ಸ್‌ನ ಪ್ರತ್ಯೇಕ ಫಿಲ್ಟರುಗಳು (ಬೇಡದ ಸಂಕೇತಗಳನ್ನು ಸೋಸುವ ಭಾಗಗಳು) ಇರುತ್ತಿದ್ದವು. ನಿಮ್ಮ ಡಿಎಸ್‌ಪಿ, ಅಂದರೆ ಡಿಜಿಟಲ್ ಸಂಕೇತ ಸಂಸ್ಕರಣೆಯ, ರೇಡಿಯೊದಲ್ಲಾದರೋ ಆಂಟೆನಾದ ಸಂಕೇತವನ್ನು ಎಡಿಸಿ ಎಂಬ ಪರಿವರ್ತಕವು ಅಂಕಿಗಳಾಗಿಸಿದ ಮೇಲೆ ಕೇಂದ್ರವನ್ನು ಆರಿಸುವುದೂ ಧ್ವನಿಯನ್ನು ಬಿಡಿಸುವುದೂ ಲೆಕ್ಕಾಚಾರದಿಂದಲೇ ನಡೆಯುತ್ತವೆ. ನಮ್ಮ ಮೀಡಿಯಂ ವೇವ್ ಕೇಂದ್ರಗಳ ನಡುವಿನ ಅಂತರ 9 ಕಿಲೊಹರ್ಟ್ಸ್. ಎಫ್‌ಎಂ ಕೇಂದ್ರವೊಂದಕ್ಕೆ ಸುಮಾರು 200 ಕಿಲೊಹರ್ಟ್ಸ್ ಅಗಲ ಬೇಕು. ಫಿಲ್ಟರಿನ ಗುಣಾಂಕಗಳನ್ನು, ಅಂದರೆ ಸೋಸುವ ಲೆಕ್ಕದಲ್ಲಿ ಬಳಸುವ ಸಂಖ್ಯೆಗಳನ್ನು, ಬದಲಿಸಿದರೆ ಎರಡಕ್ಕೂ ಅದೇ ಚಿಪ್ ಸಾಕು.

ಕಷ್ಟವಿರುವುದು ವೇಗದಲ್ಲಿ. ಎಡಿಸಿಯಿಂದ ಸೆಕೆಂಡಿಗೆ ಲಕ್ಷಗಟ್ಟಲೆ, ಕೆಲವು ಗ್ರಾಹಕಗಳಲ್ಲಿ ಕೋಟಿಗಟ್ಟಲೆ ಮಾದರಿಗಳು (ಸಂಕೇತವನ್ನು ಕ್ಷಣಕ್ಷಣಕ್ಕೂ ಅಳೆದು ಪಡೆದ ಅಂಕಿಗಳು) ಹೊರಬರುತ್ತವೆ. ಅಷ್ಟನ್ನೂ ಸಾಮಾನ್ಯ ಪ್ರೊಸೆಸರಿಗೆ ಹೊರಿಸಿದರೆ ಬ್ಯಾಟರಿ ಬಹುಬೇಗ ಬರಿದಾಗುತ್ತದೆ. ಅದಕ್ಕಾಗಿ ಮೊದಲ ಹಂತವನ್ನು ಅನೇಕ ವಿನ್ಯಾಸಗಳಲ್ಲಿ ಸಿಐಸಿ ಫಿಲ್ಟರ್ ಎಂಬ ಸ್ಥಿರ ಸರ್ಕ್ಯೂಟಿಗೆ ವಹಿಸುತ್ತಾರೆ. ಯೂಜೀನ್ ಹೋಗೆನಾಯರ್ 1981ರಲ್ಲಿ ವಿವರಿಸಿದ ಈ ಫಿಲ್ಟರಿನಲ್ಲಿ ಗುಣಾಕಾರವೇ ಇಲ್ಲ; ಬರೀ ಕೂಡಿ ಕಳೆಯುವುದರಿಂದಲೇ ಅದು ಮಾದರಿಗಳ ವೇಗವನ್ನು ತಗ್ಗಿಸುತ್ತದೆ. ಇಷ್ಟು ಸರಳವಾದ ಉಪಾಯ ಇಷ್ಟು ದೊಡ್ಡ ಹೊರೆಯನ್ನು ಇಳಿಸುವುದು ನನಗೆ ಇಂದಿಗೂ ಬೆರಗಿನ ಸಂಗತಿ. ಇದು ದೊಡ್ಡ ಕಣ್ಣಿನ ಜರಡಿಯಾದರೆ, ಮುಂದಿನ ಎಫ್‌ಐಆರ್ ಫಿಲ್ಟರ್ ಸಣ್ಣ ಕಣ್ಣಿನದು. ಪಕ್ಕದ ಕೇಂದ್ರವನ್ನು ಬೇರ್ಪಡಿಸುವುದು ಅದೇ.

ಡಿಆರ್‌ಎಂ ಮಾತ್ರ ನಿಮ್ಮ ಚಿಪ್‌ಗೆ ನಿಲುಕದು. ಅದರಲ್ಲಿ ಧ್ವನಿಯ ದತ್ತಾಂಶವನ್ನು ಅನೇಕ ಸಣ್ಣ ವಾಹಕ ತರಂಗಗಳ ಮೇಲೆ ಹಂಚಿ ಕಳಿಸುವುದರಿಂದ ಅವನ್ನು ಬೇರ್ಪಡಿಸುವ ಎಫ್‌ಎಫ್‌ಟಿ ಲೆಕ್ಕ, ದೋಷ ತಿದ್ದುವ ವಿಟರ್ಬಿ ಡಿಕೋಡರ್, ಸಾಕಷ್ಟು ಮೆಮೊರಿ ಎಲ್ಲವೂ ಬೇಕು. ಇವು ಚಿಪ್‌ನೊಳಗೆ ಇಲ್ಲದಿದ್ದರೆ ತಂತ್ರಾಂಶ ಬದಲಿಸಿ ಪ್ರಯೋಜನವಿಲ್ಲ. ಪೆಟ್ಟಿಗೆಯ ಮೇಲೆ ‘ಡಿಎಸ್‌ಪಿ’ ಎಂದಿದ್ದ ಮಾತ್ರಕ್ಕೆ ಡಿಜಿಟಲ್ ಪ್ರಸಾರ ಸಿಗುತ್ತದೆಂದು ನಂಬಿ ಯಾರೂ ಹಣ ಕೊಡಬಾರದು.

ಇನ್ನು ಮಸುಕಿನ ವಿಚಾರ. ಎಡಿಸಿಯ ಪ್ರತಿ ಬಿಟ್ ಸುಮಾರು 6 ಡೆಸಿಬೆಲ್ ವ್ಯಾಪ್ತಿ (ಅದು ಒಟ್ಟಿಗೆ ಹಿಡಿಯಬಲ್ಲ ಅತಿ ಪ್ರಬಲ ಮತ್ತು ಅತಿ ದುರ್ಬಲ ಸಂಕೇತಗಳ ನಡುವಿನ ಅಂತರ) ಕೊಡುತ್ತದೆ. 8 ಬಿಟ್‌ಗೆ ಸುಮಾರು 50, 14 ಬಿಟ್‌ಗೆ ಸುಮಾರು 86 ಡೆಸಿಬೆಲ್. ಹತ್ತಿರದಲ್ಲೇ ಇರುವ ಭದ್ರಾವತಿ ಆಕಾಶವಾಣಿಯ 675 ಕಿಲೊಹರ್ಟ್ಸ್‌ನ ಪ್ರಬಲ ಸಂಕೇತ ಆ ವ್ಯಾಪ್ತಿಯನ್ನೆಲ್ಲ ತುಂಬಿಕೊಂಡರೆ, ಗ್ರಾಹಕ ತನ್ನ ವರ್ಧನೆಯನ್ನು ತಗ್ಗಿಸಿಕೊಳ್ಳುತ್ತದೆ. ಆಗ ದುರ್ಬಲ ಕೇಂದ್ರ ಗದ್ದಲದಲ್ಲಿ ಮುಳುಗುತ್ತದೆ. ಮೀಡಿಯಂ ವೇವ್‌ಗೆ ಆಂಟೆನಾ ಆಗಿರುವ ಒಳಗಿನ ಫೆರೈಟ್ ಕಡ್ಡಿಯ ತುದಿ ಪ್ರಸಾರ ಗೋಪುರದತ್ತ ಇರುವಂತೆ ರೇಡಿಯೊವನ್ನು ನಿಧಾನವಾಗಿ ತಿರುಗಿಸಿ ನೋಡಿ. ಆ ದಿಕ್ಕಿನಿಂದ ಬರುವ ಸಂಕೇತವನ್ನು ಕಡ್ಡಿ ತೀರ ಕಡಿಮೆ ಹಿಡಿಯುವುದರಿಂದ ದೂರದ ಕೇಂದ್ರಗಳು ಮೇಲೆ ಬರುತ್ತವೆ.