ಯುದ್ಧದಿಂದ ಲಾಭ ಮಾಡುವ ದೊಡ್ಡ ಕಂಪನಿಗಳನ್ನು ಕಾರ್ಮಿಕರು ತಡೆಯೋಕೆ ಆಗುತ್ತಾ?

ಪೂರ್ತಿ ತಡೆದದ್ದು ಕಡಿಮೆ. ಆದರೆ ಅಡ್ಡ ನಿಂತು ಕೆಲಸ ನಿಲ್ಲಿಸಿದ್ದು ಸುಮಾರು ಸಲ ಇದೆ.

1973ರಲ್ಲಿ ಚಿಲಿಯ ಸೇನೆ ಹಾಕರ್ ಹಂಟರ್ ವಿಮಾನಗಳಿಂದ ತನ್ನದೇ ಅಧ್ಯಕ್ಷರ ಅರಮನೆಗೆ ದಾಳಿ ಮಾಡಿ ಅಧಿಕಾರ ಹಿಡಿಯಿತು. ಮರುವರ್ಷ ಆ ವಾಯುಪಡೆಯ ಎಂಜಿನ್‌ಗಳು ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡ್‌ನ ರೋಲ್ಸ್ ರಾಯ್ಸ್ ಕಾರ್ಖಾನೆಗೆ ರಿಪೇರಿಗೆ ಬಂದವು. ತಪಾಸಣೆ ಮಾಡುತ್ತಿದ್ದ ಬಾಬ್ ಫುಲ್ಟನ್, ಅವು ಯಾರವು ಅಂತ ಗೊತ್ತಾದ ಕೂಡಲೇ ಮುಟ್ಟಲ್ಲ ಎಂದರು. ಉಳಿದವರೂ ಜೊತೆಗೆ ನಿಂತರು. ಎಂಜಿನ್‌ಗಳು ಅಂಗಳದಲ್ಲಿ ಮಳೆ, ಚಳಿಗೆ ಬಿದ್ದುಕೊಂಡವು. 1978ರಲ್ಲಿ ಒಂದು ರಾತ್ರಿ ಯಾರಿಗೂ ತಿಳಿಯದ ಹಾಗೆ ಅವನ್ನು ಸಾಗಿಸಿಬಿಟ್ಟರು. ಸೋಲು ಅನ್ನಬಹುದು. ಆದರೆ ನಾಲ್ಕು ವರ್ಷ ಅವು ಹಾರಲಿಲ್ಲ ಅಲ್ವಾ? 2015ರಲ್ಲಿ ಚಿಲಿ ಸರ್ಕಾರವೇ ಫುಲ್ಟನ್ ಅವರನ್ನು ಗೌರವಿಸಿತು.

ಕಂಪನಿಗೆ ದುಡ್ಡಿದೆ, ವಕೀಲರಿದ್ದಾರೆ. ಸರಕು ಮಾತ್ರ ಯಾರದೋ ಕೈ ದಾಟಿಯೇ ಹೋಗಬೇಕು. ಅದಕ್ಕೇ ಬಂದರುಗಳಲ್ಲಿ ಇಂಥ ಹೋರಾಟ ಜಾಸ್ತಿ. 2008ರಲ್ಲಿ ಜಿಂಬಾಬ್ವೆಗೆ ಹೊರಟಿದ್ದ ಚೀನಾದ ಶಸ್ತ್ರಾಸ್ತ್ರಗಳನ್ನು ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿನ ಕಾರ್ಮಿಕರು ಇಳಿಸಲಿಲ್ಲ. 2019ರಲ್ಲಿ ಇಟಲಿಯ ಜಿನೋವಾದಲ್ಲಿ, ಯೆಮೆನ್ ಯುದ್ಧಕ್ಕೆ ಬಳಕೆಯಾಗುತ್ತದೆಂದು ಸೌದಿ ಹಡಗಿಗೆ ಜನರೇಟರ್ ತುಂಬಲು ಒಪ್ಪಲಿಲ್ಲ.

ನಿಜವಾದ ತೊಡಕು ಸಂಬಳದ್ದು. ಆರ್ಡರ್ ಬೇಡ ಅಂದರೆ ಮನೆ ನಡೆಯಬೇಕಲ್ಲ! ಸೇನೆಗೂ ವಿಮಾನದ ಭಾಗಗಳನ್ನು ಮಾಡುತ್ತಿದ್ದ ಬ್ರಿಟನ್ನಿನ ಲ್ಯೂಕಾಸ್ ಏರೋಸ್ಪೇಸ್ ಕಂಪನಿಯ ಕಾರ್ಮಿಕರು 1976ರಲ್ಲಿ ಇದಕ್ಕೇ ಒಂದು ಯೋಜನೆ ಬರೆದರು. ಅದೇ ಯಂತ್ರ, ಅದೇ ಕೈಗಳಿಂದ ಕಿಡ್ನಿ ಯಂತ್ರ, ಮನೆ ಬೆಚ್ಚಗಿಡುವ ಹೀಟ್ ಪಂಪ್ ಸೇರಿ ಸುಮಾರು 150 ವಸ್ತು ಮಾಡಬಹುದೆಂದು ತೋರಿಸಿದರು. ನನ್ನ ಪ್ರಕಾರ ಎಲ್ಲಕ್ಕಿಂತ ಜಾಣ ಪ್ರಯತ್ನ ಇದು. ಆಡಳಿತ ಮಂಡಳಿ ತಳ್ಳಿಹಾಕಿತು.