ಲೋಹದ ಅಯಾನು ಡಿಎನ್‌ಎಯಲ್ಲಿ ಎಲ್ಲಿ ಕೂರುತ್ತದೆ?

ಪ್ರಶ್ನೆ: ಡಿಎನ್‌ಎಯ ಫಾಸ್ಫೇಟ್ ಗುಂಪುಗಳಿಗೆ ಋಣಾವೇಶವಿರುವುದರಿಂದ ಧನಾವೇಶದ ಲೋಹದ ಅಯಾನುಗಳು ಅದಕ್ಕೆ ಅಂಟಿಕೊಳ್ಳುತ್ತವೆ ಎಂದು ಓದಿದ್ದೇನೆ. ಮೆಗ್ನೀಸಿಯಮ್ ಮತ್ತು ತಾಮ್ರ ಎರಡರ ಅಯಾನುಗಳ ಆವೇಶವೂ ಎರಡೇ. ಹೀಗಿರುವಾಗ ಮೊದಲನೆಯದು ಡಿಎನ್‌ಎ ಸುರುಳಿಯನ್ನು ಗಟ್ಟಿಗೊಳಿಸಿದರೆ ಎರಡನೆಯದು ಅದನ್ನು ಸಡಿಲಿಸುವುದೇಕೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದು. ಆವೇಶವೊಂದನ್ನೇ ಹಿಡಿದು ಹೊರಟರೆ ಈ ವ್ಯತ್ಯಾಸ ಅರ್ಥವಾಗುವುದಿಲ್ಲ. ಅಯಾನು ಯಾವ ಪರಮಾಣುವನ್ನು ಹಿಡಿಯುತ್ತದೆ ಎಂಬುದನ್ನೂ ನೋಡಬೇಕು.

ಡಿಎನ್‌ಎಯಲ್ಲಿ ಲೋಹಕ್ಕೆ ದಕ್ಕುವ ನೆಲೆಗಳು ಮುಖ್ಯವಾಗಿ ಎರಡು: ಹೊರಗಿನ ಫಾಸ್ಫೇಟ್‌ನ ಆಮ್ಲಜನಕ ಮತ್ತು ಒಳಗಡೆ ಜೋಡಿಜೋಡಿಯಾಗಿ ಎರಡು ಎಳೆಗಳನ್ನು ಕೂಡಿಸುವ ಪ್ರತ್ಯಾಮ್ಲಗಳ (ಗ್ವಾನಿನ್, ಸೈಟೋಸಿನ್ ಮುಂತಾದವುಗಳ) ಸಾರಜನಕ. ಸಂಕ್ರಮಣ ಲೋಹವಲ್ಲದ ಮೆಗ್ನೀಸಿಯಮ್ ಆಮ್ಲಜನಕವನ್ನೇ ಬಯಸುತ್ತದೆ. ತನ್ನನ್ನು ಸುತ್ತುವರಿದ ಆರು ನೀರಿನ ಅಣುಗಳನ್ನು ಅದು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಹುಮಟ್ಟಿಗೆ ಆ ನೀರಿನ ಮೂಲಕವೇ ಫಾಸ್ಫೇಟ್‌ಗಳ ಬಳಿ ಇದ್ದು, ಎರಡು ಎಳೆಗಳು ಒಂದನ್ನೊಂದು ದೂಡುವುದನ್ನು ತಗ್ಗಿಸುತ್ತದೆ. ಆದುದರಿಂದ ಎಳೆಗಳನ್ನು ಬೇರ್ಪಡಿಸಲು ಹೆಚ್ಚಿನ ಉಷ್ಣತೆ ಬೇಕಾಗುತ್ತದೆ.

ತಾಮ್ರಕ್ಕೆ ಸಾರಜನಕದ ಇಲೆಕ್ಟ್ರಾನ್ ಜೋಡಿಯ ಮೇಲೆ ಒಲವು ಹೆಚ್ಚು. ಗ್ವಾನಿನ್‌ನ ಏಳನೆಯ ಸ್ಥಾನದಲ್ಲಿರುವ ಸಾರಜನಕ ಸುರುಳಿಯ ಅಗಲವಾದ ಕಣಿವೆಯತ್ತ ಮುಖಮಾಡಿರುತ್ತದೆ ಮತ್ತು ಜೋಡಿಯನ್ನು ಕಟ್ಟುವ ಜಲಜನಕ ಬಂಧದಲ್ಲಿ ಪಾಲ್ಗೊಳ್ಳುವುದಿಲ್ಲವಾದ್ದರಿಂದ, ಲೋಹ ಅಲ್ಲಿ ಕೂತರೆ ಸುರುಳಿ ಬಿಚ್ಚಿಕೊಳ್ಳಲೇಬೇಕೆಂದಿಲ್ಲ. ಸೈಟೋಸಿನ್‌ನ ಮೂರನೆಯ ಸ್ಥಾನದ ಸಾರಜನಕ ಹಾಗಲ್ಲ, ಅದು ಜೋಡಿಯ ನಡುವೆಯೇ ಇದೆ. ಕಾಯಿಸಿದಾಗ ಎಳೆಗಳು ತುಸು ತೆರೆದುಕೊಳ್ಳುತ್ತಲೇ ತಾಮ್ರ ಅಂಥ ನೆಲೆಗಳನ್ನೂ ಹಿಡಿದು, ಜೋಡಿ ಮರಳಿ ಕೂಡದಂತೆ ತಡೆಯುತ್ತದೆ. ಉಪ್ಪಿನಂಶ ಕಡಿಮೆಯಿರುವ ದ್ರಾವಣದಲ್ಲಿ ಇದು ಎದ್ದು ಕಾಣುತ್ತದೆ.

1968ರಲ್ಲಿ ಐಕ್‌ಹಾರ್ನ್ ಮತ್ತು ಶಿನ್ ಎಂಬ ವಿಜ್ಞಾನಿಗಳು ಈ ಒಲವಿನ ಪ್ರಕಾರ ಅಯಾನುಗಳನ್ನು ಸಾಲಾಗಿ ಜೋಡಿಸಿದರು. ಫಾಸ್ಫೇಟ್‌ನ ಕಡೆಯಿಂದ ಪ್ರತ್ಯಾಮ್ಲದ ಕಡೆಗೆ ಸಾಗುವ ಆ ಸಾಲು ಮೆಗ್ನೀಸಿಯಮ್, ಕೋಬಾಲ್ಟ್, ನಿಕ್ಕಲ್, ಮ್ಯಾಂಗನೀಸ್, ಸತು, ಕ್ಯಾಡ್ಮಿಯಮ್, ತಾಮ್ರ ಎಂದು ಸಾಗುತ್ತದೆ. ನನಗೆ ಇದರಲ್ಲಿ ಸತುವೇ ಎಲ್ಲಕ್ಕಿಂತ ಸೋಜಿಗವೆನಿಸುತ್ತದೆ: ಅದರ ಜೊತೆ ಕಾಯಿಸಿದ ಡಿಎನ್‌ಎ ಬಿಚ್ಚಿಕೊಂಡರೂ ತಣಿದಾಗ ಮತ್ತೆ ಸುರುಳಿಯಾಗುತ್ತದೆ, ಏಕೆಂದರೆ ಸತು ಎರಡು ಎಳೆಗಳ ನಡುವೆ ಸೇತುವೆಯಾಗಿ ನಿಂತು ಅವು ಪೂರ್ತಿ ದೂರ ಸರಿಯದಂತೆ ನೋಡಿಕೊಳ್ಳುತ್ತದೆ. ತಾಮ್ರದ ಜೊತೆ ಬಿಚ್ಚಿದ ಡಿಎನ್‌ಎ ತಣಿಸಿದ ಮಾತ್ರಕ್ಕೆ ಹಾಗೆ ಮರಳುವುದಿಲ್ಲ, ಉಪ್ಪನ್ನು ಬೆರೆಸಬೇಕು.

ಈ ರಸಾಯನಶಾಸ್ತ್ರದ ಬಹು ದೊಡ್ಡ ಪ್ರಯೋಜನ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ. ವಿದ್ಯುತ್ ಹಾಯಿಸಿದಾಗ ಬ್ಯಾಕ್ಟೀರಿಯಾಗಳು ಎರಡಾಗಿ ವಿಭಜನೆಯಾಗದೆ ಉದ್ದುದ್ದ ಬೆಳೆಯುವುದನ್ನು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರೋಸನ್‌ಬರ್ಗ್ ತಂಡದವರು 1965ರಲ್ಲಿ ವರದಿ ಮಾಡಿದರು. ಕಾರಣ ವಿದ್ಯುತ್ತಲ್ಲ, ವಿದ್ಯುದ್ವಾರದಿಂದ ಕರಗಿದ ಪ್ಲಾಟಿನಮ್. ಸಿಸ್‌ಪ್ಲಾಟಿನ್‌ನಲ್ಲಿ ಪ್ಲಾಟಿನಮ್‌ಗೆ ಎರಡು ಅಮೋನಿಯಾ ಮತ್ತು ಎರಡು ಕ್ಲೋರೈಡ್ ಅಂಟಿರುತ್ತವೆ. ಕ್ಲೋರೈಡ್ ಹೆಚ್ಚಿರುವ ರಕ್ತದಲ್ಲಿ ಆ ಎರಡು ಕ್ಲೋರೈಡ್‌ಗಳು ಬಹುಮಟ್ಟಿಗೆ ಹಾಗೆಯೇ ಉಳಿದು, ಕ್ಲೋರೈಡ್ ಕಡಿಮೆಯಿರುವ ಜೀವಕೋಶದೊಳಗೆ ನೀರಿಗೆ ಎಡೆಕೊಡುತ್ತವೆ. ಆಮೇಲೆ ಪ್ಲಾಟಿನಮ್ ಒಂದೇ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಗ್ವಾನಿನ್‌ಗಳ ಏಳನೆಯ ಸ್ಥಾನದ ಸಾರಜನಕಗಳನ್ನು ಒಟ್ಟಿಗೆ ಹಿಡಿದು, ಸುರುಳಿಯನ್ನು ಬಗ್ಗಿಸುತ್ತದೆ. ತಾಮ್ರದ ಬಂಧಗಳು ಬೇಗನೆ ಬಿಟ್ಟು ಕೂಡುವಂಥವು; ಪ್ಲಾಟಿನಮ್ಮಿನ ಹಿಡಿತ ಬಹಳ ನಿಧಾನವಾಗಿ ಸಡಿಲುತ್ತದೆ. ಅದೇ ಪರಮಾಣುಗಳಿರುವ, ಆದರೆ ಕ್ಲೋರೈಡ್‌ಗಳು ಎದುರುಬದುರಾಗಿರುವ ಟ್ರಾನ್ಸ್‌ಪ್ಲಾಟಿನ್‌ಗೆ ಅಕ್ಕಪಕ್ಕದ ಗ್ವಾನಿನ್‌ಗಳನ್ನು ಹೀಗೆ ಹಿಡಿಯಲಾಗದು, ಅದು ಔಷಧಿಯಾಗಿ ಉಪಯೋಗಕ್ಕೂ ಬರಲಿಲ್ಲ.